ಅಬ್ಬಿಯ ಕೆಳಗೆ ಹಿಡಿದ ಕಂಬಳಿ

ನನ್ನ ಜೀವನದಲ್ಲಿ ನಾನು ಹತ್ತಿರದಿಂದ ನೋಡಿದ ಜಲಪಾತ ಒಂದೇ. ಅದೂ ಎರಡಾಳು ಎತ್ತರದ್ದು, ಹರಡಿದ ಧೋತರದಷ್ಟು ಅಗಲದ್ದು. ಅದಕ್ಕೊಂದು ಹೆಸರೂ ಇರಲಿಲ್ಲ. ಅಲ್ಲಿಯ ಜನ ಸುಮ್ಮನೆ ಅಬ್ಬಿ ಎನ್ನುತ್ತಿದ್ದರು. ಆ ಸೀಮೆಯಲ್ಲಿ ಮೇಲಿನಿಂದ ಬೀಳುವ ನೀರಿಗೆಲ್ಲ ಅದೇ ಹೆಸರು. ಈಗಿನವರು ಜಲಪಾತ ನೋಡುವುದಕ್ಕೆಂದೇ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗುತ್ತಾರೆ, ಬಂದು ನಾಲ್ಕು ದಿನ ಅದನ್ನೇ ಹೇಳುತ್ತಾರೆ. ನಾವು ಹೋದದ್ದು ಕಂಬಳಿಯ ಪರೀಕ್ಷೆಗೆ. ನೀರನ್ನು ನೋಡಲು ನನಗೆ ಪುರುಸೊತ್ತು ಸಿಕ್ಕಿದ್ದು ಬಹಳ ಕಡಿಮೆ.

ನಾನು ಹುಟ್ಟಿದ್ದು ಕುಷ್ಟಗಿ ಕಡೆಯ ಹಳ್ಳಿಯಲ್ಲಿ. ಮದುವೆಯಾದ ಮೇಲೆ ಬೇವೂರಿನ ಹತ್ತಿರ ಹೆಂಡತಿಯ ತವರಿಗೇ ಬಂದು ನಿಂತೆ. ಮನೆ ಅಳಿಯನಿಗೆ ಊರಿನಲ್ಲಿ ಎಂಥ ಮರ್ಯಾದೆ ಸಿಗುತ್ತದೆ ಎನ್ನುವುದು ಆದವರಿಗೇ ಗೊತ್ತು. ಎದುರಿಗೆ ನಗುತ್ತಾರೆ, ಹಿಂದೆಯೂ ನಗುತ್ತಾರೆ. ಮಾವನಿಗೆ ಗಂಡುಮಕ್ಕಳಿರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಅವಳನ್ನು ನನಗೆ ಕೊಟ್ಟಿದ್ದರು, ಜೊತೆಗೆ ಮಗ್ಗವನ್ನೂ ಕೊಟ್ಟರು. ಕಂಬಳಿ ನೇಯುವುದರಲ್ಲಿ ಯಲಬುರ್ಗಾದಿಂದ ಗಜೇಂದ್ರಗಡದವರೆಗೂ ಅವರ ಕೈಗೆ ಹೆಸರಿತ್ತು. ನಾನು ಹೋಗುವ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮನುಷ್ಯ ಎದುರಿಗೆ ನಿಂತರೆ ಒಂದು ನೆರಳು ನಿಂತಂತೆ ಕಾಣುತ್ತಿತ್ತು, ಅಷ್ಟೇ.

ಹಾಗಾಗಿ ಅವರಿಗೆ ನಾನೇ ಕಣ್ಣು. ಬೆಳಗಿನಿಂದ ಸಂಜೆಯ ತನಕ ಕೇಳುತ್ತಲೇ ಇರುತ್ತಿದ್ದರು. "ಮ್ವಾಡ ಯಾವ ಕಡಿ ಅದಾವಪಾ?" "ಆ ಹೋದಾಂವ ಯಾರು?" "ಎಮ್ಮಿ ಬಾಗ್ಲಾಗ ನಿಂತೈತೇನು?" "ಹೊತ್ತು ಎಷ್ಟ ಏರೇತಿ?" ಮೊದಲ ವರ್ಷ ನಾನು ಉತ್ಸಾಹದಿಂದ ಹೇಳುತ್ತಿದ್ದೆ, ಎಮ್ಮೆಯ ಕೊಂಬು ಯಾವ ಕಡೆ ತಿರುಗಿದೆ ಎನ್ನುವುದನ್ನೂ ಬಿಡುತ್ತಿರಲಿಲ್ಲ. ಎರಡನೆಯ ವರ್ಷಕ್ಕೆ ಬೇಸರ ಬಂದಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಕಡಿಮೆ ಹೇಳುತ್ತಿದ್ದೆ. ಅವರು ಮಾತ್ರ ನಾನು ಹೇಳಿದ್ದಷ್ಟನ್ನು ಹಾಗೆಯೇ ತೆಗೆದುಕೊಂಡು, ಅದರ ಮೇಲೆ ತಮ್ಮ ದಿನ ಕಟ್ಟಿಕೊಳ್ಳುತ್ತಿದ್ದರು.

ಕಂಬಳಿಯ ಕೆಲಸ ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಕುರಿಯ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ. ಕೈಯಲ್ಲಿ ನೂತ ಉಣ್ಣೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಮಗ್ಗಕ್ಕೇರಿಸುವ ಮೊದಲು ನೂಲನ್ನು ಬಯಲಿನಲ್ಲಿ ಉದ್ದಕ್ಕೆ ಬಿಗಿದು ಕಟ್ಟಿ, ಹುಣಸೆ ಬೀಜ ಬೀಸಿ ಕುದಿಸಿದ ಗಂಜಿಯನ್ನು ಕುಂಚದಿಂದ ಹಚ್ಚುತ್ತಾರೆ. ಗಂಜಿ ಒಣಗಿದ ಮೇಲೆ ನೂಲು ಸೆಟೆದು ನಿಲ್ಲುತ್ತದೆ. ಮಾವ ಹಚ್ಚುತ್ತಿದ್ದದ್ದು ತೆಳುವಾದ ಗಂಜಿ, ಒಂದೇ ಸಲ. ಅವರ ಕಂಬಳಿಯಲ್ಲಿ ಮಳೆ ತಡೆಯುತ್ತಿದ್ದದ್ದು ಗಂಜಿಯಲ್ಲ; ಉಣ್ಣೆಯ ಜಿಡ್ಡು, ಮತ್ತು ಒಂದೊಂದು ಎಳೆಯನ್ನೂ ಬಡಿದು ಬಡಿದು ಕೂರಿಸಿದ ಬಿಗಿ.

ಇನ್ನೊಂದು, ನಮ್ಮ ಮನೆತನದ ಪದ್ಧತಿ. ಹೊಸ ಕಂಬಳಿಗೆ ನೇಯ್ದವರು ನೀರು ತಾಗಿಸುವಂತಿಲ್ಲ. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಗದ್ದುಗೆಗೆ ಹಾಸುವುದು ನೀರು ಕಾಣದ ಕಂಬಳಿ. ಯಾವ ಕಂಬಳಿ ಯಾರ ಗದ್ದುಗೆಗೆ ಹೋಗುತ್ತದೆಂದು ನೇಯುವವನಿಗೆ ಮೊದಲೇ ತಿಳಿಯುವುದಿಲ್ಲವಾದ್ದರಿಂದ, ಮೊದಲ ನೀರು ಕೊಂಡವನದು ಎಂದು ಹಿರಿಯರು ಗೆರೆ ಎಳೆದಿದ್ದರು. ಜೀವಮಾನವಿಡೀ ಕಂಬಳಿ ನೇಯ್ದವನು ತನ್ನ ಕಂಬಳಿ ನೆನೆದಾಗ ಹೇಗಾಗುತ್ತದೆಂದು ನೋಡದೆಯೇ ಸಾಯಬಹುದು. ನಮ್ಮ ಊರಿನ ಅಪರೂಪದ ಮಳೆಯೂ ಈ ಪದ್ಧತಿಗೆ ಅಡ್ಡ ಬರುತ್ತಿರಲಿಲ್ಲ.

ನಾನು ಮಗ್ಗಕ್ಕೆ ಕೂತದ್ದು ಯುದ್ಧದ ಕಾಲದಲ್ಲಿ. ಒಳ್ಳೆಯ ಉಣ್ಣೆಯನ್ನೆಲ್ಲ ದಂಡಿಗೆ ಕಂಬಳಿ ಒದಗಿಸುವ ಗುತ್ತಿಗೆದಾರರು ಕುರಿಯ ಮೈಮೇಲಿರುವಾಗಲೇ ಹಿಡಿದುಬಿಡುತ್ತಿದ್ದರು. ನಮಗೆ ಸಿಕ್ಕಿದ್ದು ಗಿಡ್ಡ ಉಣ್ಣೆ, ಅದರಿಂದ ಬಂದದ್ದು ಸಣ್ಣ ನೂಲು. ನೇಯ್ದರೆ ಸಂದು ಕಾಣುತ್ತಿತ್ತು. ಇನ್ನಷ್ಟು ಬಡಿದರೆ ಸಂದು ಮುಚ್ಚುತ್ತಿತ್ತು, ಆದರೆ ಕಂಬಳಿಯ ಉದ್ದ ಕಡಿಮೆಯಾಗುತ್ತಿತ್ತು, ಹೊತ್ತೂ ಹಿಡಿಯುತ್ತಿತ್ತು. ನಾನು ಸುಲಭದ ದಾರಿ ಹಿಡಿದೆ. ಗಂಗಾವತಿ ಕಡೆಯಿಂದ ಚೀಲಗಟ್ಟಲೆ ಹುಣಸೆ ಬೀಜ ತರಿಸಿ, ಗಂಜಿಯನ್ನು ಗಟ್ಟಿಯಾಗಿ ಕುದಿಸಿ, ಮೂರು ಸಲ ಹಚ್ಚಿದೆ. ಸಂದುಗಳೆಲ್ಲ ಮುಚ್ಚಿ ಕಂಬಳಿ ಹಲಗೆಯ ಹಾಗೆ ನಿಂತಿತು.

ಬೀಜ ಬೀಸುತ್ತಿದ್ದವಳು ಹೆಂಡತಿ. "ಅಪ್ಪ ಒಂದ ಸಲ ಹಚ್ತಿದ್ದ," ಎಂದಳು.

"ಆವಾಗಿನ ಉಣ್ಣಿ ಬ್ಯಾರೆ, ಈಗಿಂದು ಬ್ಯಾರೆ," ಎಂದೆ. "ನಿಮ್ಮಪ್ಪಗ ಹೇಳಾಕ ಹೋಗಬ್ಯಾಡ, ಸುಮ್ನ ಚಿಂತಿ ಮಾಡ್ತಾನ." ಮಾವ ಸವರಿ ನೋಡಿದಾಗಲೂ ಆ ಗಟ್ಟಿತನ ಬಡಿತದ್ದೆಂದೇ ತಿಳಿದರು.

ಕುಷ್ಟಗಿಯ ಸಂತೆಯಲ್ಲಿ ನನ್ನ ಕಂಬಳಿಗೆ ಮುಗಿಬಿದ್ದರು. ಅಲ್ಲಿ ಉಣ್ಣೆಯ ವ್ಯಾಪಾರ ಮಾಡುತ್ತಿದ್ದ ಮುಸಲ್ಮಾನ ಹಿರಿಯರೊಬ್ಬರು ಕಂಬಳಿಯನ್ನು ಬೆರಳಿನಿಂದ ತಟ್ಟಿ ನೋಡಿ, "ವ್ಹಾ, ಕಡಕ್ ಐತಿ ನೋಡ್ರಿ, ಅಳಿಯ ಮಾವನ್ನ ಮೀರ್ಸ್ಯಾನ," ಎಂದರು. ಆ ಮಾತನ್ನು ನಾನು ಒಂದು ತಿಂಗಳು ನೆನೆಸಿಕೊಂಡು ತಿರುಗಾಡಿದೆ. ಮನೆ ಅಳಿಯನಿಗೆ ಅಂಥ ಮಾತು ಸುಲಭಕ್ಕೆ ಸಿಗುವುದಿಲ್ಲ.

ಮಾವನಿಗೆ ಕಂಬಳಿ ಮಾರುವ ಇನ್ನೊಂದು ಜಾಗವಿತ್ತು. ಘಟ್ಟದ ಕೆಳಗೆ, ಅಂಕೋಲೆಯ ಕಡೆ ಕಾಡಿನೊಳಗೆ ಹತ್ತು ಹನ್ನೆರಡು ಮನೆಗಳ ಒಂದು ಕೊಪ್ಪ. ಅಲ್ಲಿಯ ಜನ ನಾಲ್ಕು ತಿಂಗಳ ಮಳೆಯಲ್ಲಿ ಕಂಬಳಿಯನ್ನು ಮಡಚಿ ತಲೆಯ ಮೇಲಿನಿಂದ ಬೆನ್ನಿಗೆ ಇಳಿಬಿಟ್ಟುಕೊಂಡು ಗದ್ದೆ ನೆಡುತ್ತಾರೆ. ಇಪ್ಪತ್ತು ವರ್ಷದಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ಮಾವ ಅಲ್ಲಿಗೆ ಹೋಗುತ್ತಿದ್ದರು. ಮೊದಲ ಸಲ ಹೋದಾಗ ಕೊಪ್ಪದ ಯಜಮಾನ ಇವರ ಕಂಬಳಿಯನ್ನು ಅಬ್ಬಿಯ ಕೆಳಗೆ ಜೋಳಿಗೆಯ ಹಾಗೆ ಹಿಡಿಸಿ, ತಾನು ಎದುರಿಗೆ ಕೂತು ಕವಳ ಹಾಕಿದನಂತೆ. ಕವಳವೆಂದರೆ ಎಲೆ ಅಡಿಕೆ. ಅವನು ಜಗಿದು ಮುಗಿಸಿ ಉಗಿಯುವ ತನಕ ಕಂಬಳಿಯ ಅಡಿಯಲ್ಲಿ ಒಂದು ಹನಿಯೂ ಕಾಣಲಿಲ್ಲವಂತೆ. ಅಂದಿನಿಂದ ಅವರು ಬೇರೆ ಯಾರ ಕಂಬಳಿಯನ್ನೂ ಮುಟ್ಟಲಿಲ್ಲ, ಇವರ ಕಂಬಳಿಯನ್ನು ಮತ್ತೆ ಪರೀಕ್ಷೆ ಮಾಡಲೂ ಇಲ್ಲ. ಈ ಕಥೆಯನ್ನು ನಾನು ಮಾವನ ಬಾಯಿಂದ ಎಷ್ಟು ಸಲ ಕೇಳಿದ್ದೆನೆಂದರೆ, ಆ ಯಜಮಾನ ಉಗಿಯುವ ಜಾಗ ಬಂದಾಗ ನನ್ನ ಬಾಯಿಯೂ ತಾನಾಗಿ ಉಗಿಯಲು ಸಿದ್ಧವಾಗುತ್ತಿತ್ತು.

ಒಂದು ವರ್ಷ ಮಾವನಿಗೆ ಜ್ವರವೆಂದು, ನಾನು ನೇಯ್ದ ಆರು ಕಂಬಳಿಗಳನ್ನು ಬೇರೆ ವ್ಯಾಪಾರಿಗಳ ಕೈಯಲ್ಲಿ ಆ ಕೊಪ್ಪಕ್ಕೆ ಕಳಿಸಿದ್ದೆವು. ಮರುವರ್ಷ ಮಾವ ತಾವೇ ಹೋಗುವುದೆಂದು ಹಟ ಹಿಡಿದರು. ಎಂಟು ಕಂಬಳಿ, ಎಲ್ಲವೂ ನನ್ನವು, ಮೂರು ಸಲ ಗಂಜಿ ಕುಡಿದವು. ಐದು ನನ್ನ ತಲೆಯ ಮೇಲೆ, ಮೂರು ಅವರ ತಲೆಯ ಮೇಲೆ. ಹೆಗಲ ಮೇಲೆ ಅವರು ಹೊದ್ದದ್ದು ಮಾತ್ರ ಅವರದೇ ಕೈಯ ಹಳೆಯ ಕಂಬಳಿ, ಹತ್ತು ವರ್ಷದ್ದು.

ಭಾನಾಪುರದಲ್ಲಿ ರೈಲು ಹತ್ತಿದೆವು. ಗಡಿಯಲ್ಲಿ ನಿಜಾಮರ ಕರೋಡಗಿರಿಯವರು, ಅಂದರೆ ಸುಂಕದ ನಾಕಾದವರು, ಗಂಟು ಬಿಚ್ಚಿಸಿ ನೋಡಿ ಬಿಟ್ಟರು. ಹುಬ್ಬಳ್ಳಿಯಲ್ಲಿಳಿದು ಅಲ್ಲಿಂದ ನಡಿಗೆ. ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲು ಘಟ್ಟ. ದಾರಿಯುದ್ದಕ್ಕೂ ಮಾವನ ಪ್ರಶ್ನೆಗಳು. ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಯಾವ ಬಣ್ಣದ ಸೀರೆ ಉಟ್ಟಿದ್ದಾಳೆ ಎಂದು ಅವಳಿಗೆ ಕೇಳುವ ಹಾಗೆಯೇ ಕೇಳಿದರು. ಕಾಡು ಶುರುವಾದ ಮೇಲೆ ಒಂದೊಂದು ಮರದ ಹೆಸರು ಕೇಳತೊಡಗಿದರು. ಜಾಲಿ, ಬೇವು, ಹುಣಸೆ ಬಿಟ್ಟರೆ ನನಗೆ ಮರವೇ ಗೊತ್ತಿರಲಿಲ್ಲ. "ದೊಡ್ಡ ಗಿಡ," ಎನ್ನುತ್ತಿದ್ದೆ, "ಇನ್ನೊಂದು ದೊಡ್ಡ ಗಿಡ," ಎನ್ನುತ್ತಿದ್ದೆ. ಘಟ್ಟ ಇಳಿದು ಮುಗಿಸಿದ ಮರುದಿನ ಒಂದು ದಿಬ್ಬದ ಮೇಲಿಂದ ದೂರದಲ್ಲಿ ಸಮುದ್ರ ಕಂಡಿತು. ಜೀವನದಲ್ಲಿ ಮೊದಲ ಸಲ ನಾನು ಸಮುದ್ರ ನೋಡುತ್ತಿದ್ದೆ.

"ಏನ ಕಾಣತೈತಿ?" ಎಂದರು ಮಾವ.

"ನೀರ್ರಿ."

"ಎಷ್ಟ?"

"ಭಾಳ."

ಅವರು ನಕ್ಕರು. ತಮ್ಮ ಕಣ್ಣು ಚೆನ್ನಾಗಿದ್ದಾಗ ಅದನ್ನು ಎಷ್ಟೋ ಸಲ ನೋಡಿದವರು; ನಾನು ಏನು ಹೇಳುತ್ತೇನೆಂದು ಕೇಳಬೇಕಾಗಿತ್ತು ಅವರಿಗೆ. ಇಂದು ಹೇಳಬೇಕೆಂದರೆ ಆ ಸಮುದ್ರದ ಬಗ್ಗೆ ಒಂದು ತಾಸು ಹೇಳಬಲ್ಲೆ. ಅಂದು ತಲೆಯ ಮೇಲೆ ಐದು ಕಂಬಳಿ ಇದ್ದವು, ಕುತ್ತಿಗೆ ನೋಯುತ್ತಿತ್ತು.

ಕೊಪ್ಪಕ್ಕೆ ಮುಟ್ಟಿದಾಗ ಬೆಳಗಿನ ಹೊತ್ತು. ಹಳೆಯ ಯಜಮಾನ ತೀರಿಕೊಂಡು ಕೆಲವು ವರ್ಷವಾಗಿತ್ತು. ಈಗ ಅವನ ಹೆಂಡತಿಯ ಮಾತಿಗೇ ಎಲ್ಲರೂ ತಲೆಯಾಡಿಸುತ್ತಿದ್ದರು. ಗಿಡ್ಡ ಮುದುಕಿ, ಕೊರಳು ತುಂಬ ಕರಿಮಣಿ. ಮಾವನ ದನಿ ಕೇಳಿ ಹೊರಗೆ ಬಂದಳು, ಚಾಪೆ ಹಾಸಿದಳು, ಬೆಲ್ಲದ ತುಂಡು ಮತ್ತು ಕುಡಿಯಲು ನೀರು ಕೊಟ್ಟಳು. ಆಮೇಲೆ ಒಳಗೆ ಹೋಗಿ ಒಂದು ಕಂಬಳಿ ತಂದು ಮಾವನ ತೊಡೆಯ ಮೇಲೆ ಇಟ್ಟಳು. ಹಿಂದಿನ ವರ್ಷ ನಾನು ಕಳಿಸಿದ್ದು. ಅದರ ಮೇಲೆಲ್ಲ ಬಿಳಿಯ ಬೂಸಲು ಬಂದು, ಅಲ್ಲಲ್ಲಿ ಜಾಳು ಜಾಳಾಗಿ, ಹಳಸಿದ ಅನ್ನದ ವಾಸನೆ ಹೊಡೆಯುತ್ತಿತ್ತು.

"ಆರಕ್ಕೆ ಆರೂ ಹೀಗೇ," ಎಂದಳು. "ಮೊದಲ ಮಳೆಗೇ ಸೋರುಕೆ ಶುರುವಾಯ್ತು. ಬೆನ್ನ ಮೇಲೆ ಅಂಟು ಇಳೀತದೆ. ನಮ್ಮ ಹೆಂಗಸರು ವರ್ಷವಿಡೀ ಕೆಮ್ಮಿದ್ರು. ನಿಮ್ಮ ಕಂಬಳಿ ಅಂತ ನಾನೇ ಹೇಳಿ ಎಲ್ಲರಿಗೂ ಕೊಡಿಸಿದ್ದೆ."

ಮಾವ ಕಂಬಳಿಯ ಅಂಚನ್ನು ಬೆರಳಿನಿಂದ ಸವರಿದರು. ಪ್ರತಿ ಕಂಬಳಿಯ ಮೂಲೆಯಲ್ಲಿ ನಮ್ಮ ಮನೆಯವರು ಒಂದು ಬಗೆಯ ಗಂಟು ಹಾಕುತ್ತೇವೆ, ಅದು ಸಿಕ್ಕಿತು. "ಗಂಟು ನಮ್ದ ಐತಿ," ಎಂದರು. ಕಂಬಳಿಯನ್ನು ಬದಿಗಿಟ್ಟು, "ಹಸಿ ಹಿಡಿಯೋ ಜಾಗಾದಾಗ ಇಟ್ಟಿರಬೇಕ್ರಿ. ನಮ್ಮ ಕಂಬಳಿ ಸೋರೂದಿಲ್ಲ," ಎಂದರು.

ಮುದುಕಿ ಜಗಳಕ್ಕೆ ನಿಲ್ಲಲಿಲ್ಲ. "ಹಂಗಾದ್ರೆ ಈ ಸಲದ್ದರಲ್ಲಿ ಒಂದನ್ನ ನೀವೇ ಆರಿಸಿ ಕೊಡಿ. ನಮ್ಮ ಯಜಮಾನರು ಮಾಡಿದ ಹಾಗೆ ಅಬ್ಬಿಗೆ ಹಿಡಿದು ನೋಡುವ," ಎಂದಳು.

"ನೋಡ್ರಿ," ಎಂದರು ಮಾವ. ಮುಖ ಅರಳಿತ್ತು. "ಒಂದ ಹನಿ ಇಳದ್ರೂ ನಾ ಇನ್ನ ಈ ಕೊಪ್ಪಕ್ಕ ಕಾಲಿಡೂದಿಲ್ಲ."

ನಾನು ಗಂಟು ಬಿಚ್ಚಿದೆ, ಮಾವ ಸವರಿ ಒಂದನ್ನು ಆರಿಸಿದರು. ಅಲ್ಲಿಯೇ ಹೇಳಬಹುದಾಗಿತ್ತು. ಗಂಜಿ ಮೂರು ಸಲ ಹಚ್ಚಿದ್ದೇನೆ, ಬಡಿತ ಸಾಲದು, ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು. ಆದರೆ ನನಗೇ ಪೂರ್ತಿ ಗೊತ್ತಿರಲಿಲ್ಲ ಎನ್ನುವುದೂ ನಿಜ. ನನ್ನ ಕಂಬಳಿ ನೆನೆದದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಗಂಜಿ ಗಟ್ಟಿ ನಿಂತೀತು ಎಂದು ಒಂದು ಮನಸ್ಸು ಹೇಳುತ್ತಿತ್ತು. ಕುಷ್ಟಗಿಯ ಸಂತೆಯ ಮಾತು ಇನ್ನೂ ಕಿವಿಯಲ್ಲಿತ್ತು.

ಕೊಪ್ಪದ ಹಿಂದೆ ಕಾಡು. ಮುದುಕಿ ಮುಂದೆ, ಅವಳ ಮಗ ಅವಳ ಹಿಂದೆ, ನಾನು ಮಾವನ ಕೈ ಹಿಡಿದುಕೊಂಡು ಕೊನೆಗೆ. ದಾರಿ ಎನ್ನುವುದು ಹೆಸರಿಗೆ ಮಾತ್ರ. ಬೇರಿನ ಮೇಲೆ ಕಾಲಿಟ್ಟು, ಬಿಳಲು ಸರಿಸಿ ನಡೆಯಬೇಕು. ಬಿಸಿಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಸೆಕೆಗೆ ಬೆವರು ಹರಿಯುತ್ತಿತ್ತು, ಆದರೂ ನೆಲ ತಂಪಾಗಿತ್ತು. ಅರ್ಧ ತಾಸು ನಡೆದ ಮೇಲೆ ನೀರು ಸುರಿಯುವ ಸದ್ದು ಕೇಳಿತು.

ಆ ಸದ್ದು ನನಗೆ ಹೊಸದಲ್ಲ. ಊರಿನ ಬಾವಿಯಲ್ಲಿ ಎತ್ತುಗಳು ಕಪಿಲೆ ಎಳೆದಾಗ ತೊಗಲಿನ ಬಾನಿ ಮೇಲೆ ಬಂದು ಕಲ್ಲಿನ ದೋಣಿಗೆ ಸುರಿಯುತ್ತದೆ, ಅದೇ ಸದ್ದು. ಬಾನಿ ಬರಿದಾದೊಡನೆ ಅದು ನಿಲ್ಲುತ್ತದೆ, ಎತ್ತುಗಳು ಹಿಂದಕ್ಕೆ ನಡೆಯುತ್ತವೆ. ನಾನು ನಡೆಯುತ್ತ ನಡೆಯುತ್ತ ಆ ಸದ್ದು ನಿಲ್ಲುವುದನ್ನು ಕಾಯುತ್ತಿದ್ದೆ. ನಿಲ್ಲಲಿಲ್ಲ. ಬಂಡೆಯ ತಿರುವು ದಾಟಿ ಎದುರಿಗೆ ಬಂದಾಗಲೂ ನೀರು ಬೀಳುತ್ತಲೇ ಇತ್ತು. ನಮ್ಮ ಕಡೆಯ ಗುಡ್ಡಗಳಿಂದಲೂ ನೀರು ಬೀಳುತ್ತದೆ, ದೊಡ್ಡ ಮಳೆ ಹೊಡೆದ ದಿನ. ಮರುದಿನ ಹೋದರೆ ಕಲ್ಲಿನ ಮೇಲೆ ಒದ್ದೆಯ ಗುರುತಿರುತ್ತದೆ. ಇಲ್ಲಿ ಬೇಸಿಗೆಯ ಕೊನೆ, ಮಳೆ ಬಿದ್ದು ಆರೇಳು ತಿಂಗಳಾಗಿತ್ತು, ಒಬ್ಬರೂ ಕೊಡ ಹಿಡಿದು ನಿಂತಿರಲಿಲ್ಲ, ನೀರು ತನ್ನಷ್ಟಕ್ಕೆ ಸುರಿದು ಕಲ್ಲುಗಳ ನಡುವೆ ಹೋಗುತ್ತಿತ್ತು. ನನಗೆ ಮೊದಲು ಅನಿಸಿದ್ದು ಸಂತೋಷವಲ್ಲ, ಸಿಟ್ಟು. ಇಷ್ಟೆಲ್ಲ ಯಾರು ಬಿಟ್ಟು ಹೋಗಿದ್ದಾರೆ ಎನ್ನುವ ಸಿಟ್ಟು. ಚಂದ ಎಂದು ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಹಸಿರು ಪಾಚಿಯ ಬಂಡೆ, ಅದರ ಮೇಲಿಂದ ಒಂದೇ ಸಮನೆ ಇಳಿಯುವ ಬೆಳ್ಳಗಿನ ನೀರು, ಕೆಳಗೆ ಮೊಣಕಾಲುದ್ದದ ಮಡು. ಚಂದವಾಗಿತ್ತು.

"ಹೆಂಗೈತಿ?" ಎಂದರು ಮಾವ.

"ಛಲೋ ಐತ್ರಿ," ಎಂದೆ.

ಅವರನ್ನು ಮಡುವಿನ ಅಂಚಿನ ಒಂದು ಕಲ್ಲಿನ ಮೇಲೆ ಕೂರಿಸಿದೆ. ಕಾಲನ್ನು ನೀರಿನಲ್ಲಿ ಇಳಿಬಿಟ್ಟರು. ಕಂಬಳಿಯ ಎರಡು ಮೂಲೆಗಳನ್ನು ಬಂಡೆಯ ಮೇಲೆ ಹಬ್ಬಿದ ಬೇರುಗಳಿಗೆ ಕಟ್ಟಿದೆವು, ಉಳಿದೆರಡನ್ನು ನಾನೂ ಮುದುಕಿಯ ಮಗನೂ ಹಿಡಿದೆವು. ನಡುವೆ ಜೋಳಿಗೆಯಾದ ಜಾಗಕ್ಕೆ ಅಬ್ಬಿಯ ಒಂದು ಎಳೆ ಬೀಳುತ್ತಿತ್ತು. ಮುದುಕಿ ಎದುರಿಗೆ ಕೂತು, ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಕವಳ ಬಾಯಿಗೆ ಹಾಕಿದಳು.

ಮೊದಲಿಗೆ ನೀರು ಕಂಬಳಿಯಲ್ಲಿ ಕೆರೆಯಂತೆ ನಿಂತಿತು. ನಾನು ಅಡಿಯನ್ನು ಬಗ್ಗಿ ನೋಡಿದೆ; ಒಣಗಿಯೇ ಇತ್ತು. ನನ್ನ ಎದೆ ಹಗುರವಾಯಿತು. ಮುದುಕಿ ಜಗಿಯುತ್ತಿದ್ದಳು. ಇನ್ನೊಮ್ಮೆ ಬಗ್ಗಿ ನೋಡಿದೆ. ಅಡಿಯ ನಡುಮಧ್ಯದಲ್ಲಿ ಒಂದು ಬಿಳಿಯ ಕಲೆ ಕಾಣಿಸಿಕೊಂಡಿತ್ತು. ನೋಡುತ್ತಿದ್ದಂತೆ ಅದು ಅಗಲವಾಯಿತು, ಲೋಳೆಯಾಗಿ ಇಳಿಬಿತ್ತು, ಮಡುವಿಗೆ ಕಳಚಿ ಬಿದ್ದಿತು. ಅದರ ಹಿಂದೆ ಒಂದು ಹನಿ. ಆಮೇಲೆ ಹನಿಗಳಿಗೆ ಲೆಕ್ಕವಿರಲಿಲ್ಲ. ಮುದುಕಿಯ ಬಾಯಲ್ಲಿ ಕವಳ ಇನ್ನೂ ಅರ್ಧವೂ ಆಗಿರಲಿಲ್ಲ.

ಅಬ್ಬಿಯ ಸದ್ದಿನಲ್ಲಿ ಹನಿಯ ಸದ್ದು ಕೇಳುತ್ತಿರಲಿಲ್ಲ. ಮಾವ ಕಿವಿ ಕೊಟ್ಟು ಕೂತಿದ್ದರು. ಮುಖವನ್ನು ನನ್ನ ಕಡೆ ತಿರುಗಿಸಿ, "ಇಳದೈತೇನಪಾ?" ಎಂದರು.

ಮುದುಕಿ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳ ಮಗ ನೋಡಿದ. ನೀರು ನನ್ನ ಮೊಣಕಾಲಿನ ಎದುರಿಗೇ ತೊಟ್ಟಿಕ್ಕುತ್ತಿತ್ತು.

"ಇಲ್ರಿ ಮಾವ, ಇಳದಿಲ್ಲ," ಎಂದೆ.

ಯಾಕೆ ಹಾಗೆಂದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಅವರ ಮುಖ ಬಾಡುವುದನ್ನು ನೋಡಲಾರದೆ ಎಂದು ಹೇಳಿಕೊಂಡರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಅದು ಸುಳ್ಳು. ನನ್ನ ಮುಖ ಉಳಿಸಿಕೊಳ್ಳುವುದಕ್ಕೆ ಹೇಳಿದೆ. ಕಾಣದವರ ಎದುರಿಗೆ ಅದು ಎಷ್ಟು ಸುಲಭವೆಂದು ಆ ಕ್ಷಣಕ್ಕೇ ತಿಳಿದದ್ದು.

ಮಾವ ದೊಡ್ಡದಾಗಿ ನಕ್ಕು, ಮುದುಕಿ ಕೂತ ಕಡೆಗೆ ತಿರುಗಿ, "ನೋಡಿದ್ರೇನ್ರಿ?" ಎಂದರು.

ಅವಳು ಕವಳ ಉಗಿದಳು. "ಅಳಿಯ ಹೇಳಿದನಲ್ಲ," ಎಂದಳು. ಅಷ್ಟೇ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಕಂಬಳಿ ಬಿಚ್ಚಿದೆವು. ನೀರು ಚೆಲ್ಲಿ ನಾನು ಅದನ್ನು ಬೇಗ ಸುತ್ತಿಬಿಡಬೇಕೆಂದಿದ್ದೆ. ಆದರೆ ಮಾವ ಕೈ ಚಾಚಿದರು. "ತಾ, ನಾನ ಮಡಚ್ತೀನಿ," ಎಂದರು. ಗೆದ್ದ ಕಂಬಳಿಯನ್ನು ತಾವೇ ಮಡಚುವ ಆಸೆ ಅವರಿಗೆ. ಕೊಡದೆ ಇರಲು ನನಗೆ ಯಾವ ನೆಪವೂ ಹೊಳೆಯಲಿಲ್ಲ. ಅವರು ಅದನ್ನು ತೊಡೆಯ ಮೇಲೆ ಹರಡಿಕೊಂಡು ಅಂಗೈಯಿಂದ ಸವರಿದರು. ಕೈ ನಡುವಿಗೆ ಬಂದಾಗ ನಿಂತಿತು. ಹೆಬ್ಬೆರಳಿಗೂ ತೋರುಬೆರಳಿಗೂ ಅಂಟಿದ ಲೋಳೆಯನ್ನು ತಿಕ್ಕಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ಎರಡೂ ಕೈಯಿಂದ ಕಂಬಳಿಯನ್ನು ಎತ್ತಿ ಅಬ್ಬಿಯ ಮೇಲಿನ ಬೆಳಕಿಗೆ ಹಿಡಿದರು. ಸಂದುಗಳಿಂದ ಬೆಳಕು ಬರುತ್ತಿತ್ತು. ಅಷ್ಟು ಬೆಳಕು ಅವರಿಗೂ ಕಾಣುತ್ತಿತ್ತೆಂದು ನನಗೆ ಗೊತ್ತಿತ್ತು.

ಅವರು ಬೆರಳನ್ನು ಮಡುವಿನಲ್ಲಿ ತೊಳೆದುಕೊಂಡರು, ಬಹಳ ನಿಧಾನವಾಗಿ. ನನ್ನ ಕಡೆ ತಿರುಗಲಿಲ್ಲ.

"ಯಜಮಾನ್ತಿ," ಎಂದರು, "ತಪ್ಪ ತಿಳ್ಕೋಬ್ಯಾಡ್ರಿ. ನಾವು ಬ್ಯಾರೆ ಗಂಟು ತಂದೀವಿ. ಇವು ನಮ್ಮ ಕಡೆ ಗದ್ದುಗಿಗೆ ಹಾಸೂವು, ನಿಮ್ಮ ಮಳೀಗೆ ಅಲ್ಲ. ಕಣ್ಣ ಕಾಣೂದಿಲ್ಲ ನೋಡ್ರಿ, ನಂದ ತಪ್ಪು." ಹೆಗಲ ಮೇಲಿದ್ದ ತಮ್ಮ ಹಳೆಯ ಕಂಬಳಿಯನ್ನು ತೆಗೆದು ಮಡಚಿ ಅವಳ ಕಡೆ ಚಾಚಿದರು. "ಈ ಮಳಿಗಾಲ ಇದನ್ನ ಹೊದ್ಕೋರ್ರಿ. ಬರೂ ವರ್ಷ ಛಲೋವು ಬರ್ತಾವ. ಅವು ನಿಂತ್ರ ಇದನ್ನ ತಿರುಗಿ ಕಳಿಸ್ರಿ. ನಿಲ್ಲಲಿಲ್ಲಂದ್ರ ಇಟ್ಕೋರ್ರಿ."

ಮುದುಕಿ ಎರಡೂ ಕೈಯಿಂದ ತೆಗೆದುಕೊಂಡಳು.

ಊಟ ಮಾಡಿ ಹೋಗಿ ಎಂದಳು. ಉಂಡೆವು. ಏನು ಬಡಿಸಿದ್ದಳೋ ನನಗೆ ನೆನಪಿಲ್ಲ. ಎಂಟು ಕಂಬಳಿಗಳ ಗಂಟನ್ನು ಹಾಗೆಯೇ ಹೊತ್ತುಕೊಂಡು ಹಿಂದಿರುಗಿದೆವು, ಅದರಲ್ಲೊಂದು ಒದ್ದೆ. ಘಟ್ಟ ಏರುವಾಗ ಮುಂಗಾರಿನ ಮೊದಲ ಮಳೆ ಹಿಡಿಯಿತು. ಉಳಿದ ಏಳರ ಗಂಟುಗಳ ಮೇಲೆ ಅಗಲ ಎಲೆ ಮುಚ್ಚಿ, ಅಬ್ಬಿಯಲ್ಲಿ ನೆನೆದದ್ದನ್ನೇ ಇಬ್ಬರೂ ಸೇರಿ ತಲೆಯ ಮೇಲೆ ಹಾಕಿಕೊಂಡೆವು. ಅರ್ಧ ಮೈಲಿ ಹೋಗುವುದರೊಳಗೆ ಬೆಳ್ಳಗಿನ ಅಂಟು ಕುತ್ತಿಗೆಯಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯಿತು. ತಲೆಯ ಮೇಲೆ ಎಂಟು ಕಂಬಳಿ ಹೊತ್ತ ಇಬ್ಬರು ಕಂಬಳಿಯವರು ತೊಪ್ಪನೆ ತೊಯ್ದು ನಡೆಯುವುದನ್ನು ಎದುರಿಗೆ ಬಂದ ಗಾಡಿಯವನು ತಿರುಗಿ ತಿರುಗಿ ನೋಡಿ ನಕ್ಕ. ಬೇರೆ ದಿನವಾಗಿದ್ದರೆ ಮಾವ, "ಯಾಕ ನಗಾಕತ್ಯಾನಪಾ ಅಂವ?" ಎಂದು ಕೇಳುತ್ತಿದ್ದರು. ಕೇಳಲಿಲ್ಲ.

ದಾರಿಯಲ್ಲಿ ಅವರು ನನ್ನನ್ನು ಏನನ್ನೂ ಕೇಳಲಿಲ್ಲ. ಸಿಟ್ಟಿನ ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಒಳ್ಳೆಯದಿತ್ತು. ನನ್ನ ಕೈ ಹಿಡಿದೇ ನಡೆದರು, ಕೊಟ್ಟದ್ದನ್ನು ಉಂಡರು. ಗಡಿಯಲ್ಲಿ ನಾಕಾದ ಗುಮಾಸ್ತನನ್ನು, "ಹೊತ್ತು ಎಷ್ಟ ಏರೇತ್ರಿ ಸಾಹೇಬ್ರ?" ಎಂದು ಕೇಳಿದರು. ರೈಲಿನಲ್ಲಿ ಎದುರಿಗೆ ಕೂತ ಯಾರೋ ಅಪರಿಚಿತನನ್ನು, "ಭಾನಾಪುರ ಬಂತೇನ್ರಿ?" ಎಂದು ಕೇಳಿದರು. ನಾನು ಅವರ ಮಗ್ಗುಲಲ್ಲಿ ಕಿಟಕಿಯ ಕಡೆ ಕೂತಿದ್ದೆ.

ಉಳಿದ ಏಳು ಕಂಬಳಿಗಳನ್ನು ಕುಷ್ಟಗಿಯ ಸಂತೆಗೆ ಒಯ್ದೆ. ತಟ್ಟಿ ತಟ್ಟಿ ನೋಡಿ ಮೆಚ್ಚಿಕೊಂಡು ಒಂದೇ ದಿನದಲ್ಲಿ ಒಯ್ದರು. ನೆನೆದದ್ದನ್ನು ಮನೆಯಲ್ಲೇ ಬಿಟ್ಟಿದ್ದೆ. ಯಾರ ಯಾರ ಮದುವೆಯ ಗದ್ದುಗೆಯಾದವೋ, ನೀರು ಕಾಣದೆ ಇನ್ನೂ ಎಲ್ಲಾದರೂ ಗಟ್ಟಿಯಾಗಿಯೇ ಇರಬಹುದು.

ಆ ವರ್ಷ ನಾನು ನಾಲ್ಕೇ ಕಂಬಳಿ ನೇಯ್ದೆ. ಗಂಜಿ ಒಂದೇ ಸಲ. ತೋಳು ಬಿದ್ದುಹೋಗುವ ಹಾಗೆ ಬಡಿದೆ. ಮಾವ ಗೋಡೆಗೆ ಒರಗಿ ಬಡಿತದ ಸದ್ದು ಕೇಳುತ್ತ ಕೂತಿರುತ್ತಿದ್ದರು. ಸದ್ದು ಸಡಿಲವಾದರೆ ಕೆಮ್ಮುತ್ತಿದ್ದರು. ನಾಲ್ಕೂ ಮುಗಿದ ಮೇಲೆ ಒಂದು ದಿನ ಮನೆಯ ಹಿರಿಯರ ಪದ್ಧತಿಯನ್ನು ತಾವೇ ಮುರಿದರು. ಮಗಳ ಕೈಯಲ್ಲಿ ಕೊಡ ಹೊರಿಸಿ, ಒಂದೊಂದು ಕಂಬಳಿಯನ್ನೂ ಹಿಡಿಸಿ ನೀರು ಹೊಯ್ಯಿಸಿ, ಅದರ ಅಡಿಗೆ ತಮ್ಮ ಅಂಗೈ ಚಾಚಿ ಕೂತರು. ನಾನು ಅಲ್ಲೇ ನಿಂತಿದ್ದೆ. ಇಳಿದಿದೆಯೇ ಎಂದು ನನ್ನನ್ನು ಕೇಳುವ ಅಗತ್ಯ ಅವರಿಗೆ ಇರಲಿಲ್ಲ. "ಇವನ್ನ ಒಯ್ಯಬಹುದು," ಎಂದು ಮಗಳಿಗೆ ಹೇಳಿದರು.

ಮಳೆಗಾಲಕ್ಕೆ ಮುಂಚೆ ನಾನೊಬ್ಬನೇ ಹೋದೆ. ಕೊಡದ ನೀರು ಬೇರೆ, ಅಬ್ಬಿಯ ನೀರು ಬೇರೆ, ದಾರಿಯುದ್ದಕ್ಕೂ ಭಯವಿತ್ತು. ಅದೇ ಮಡು, ಅದೇ ಬೇರುಗಳು, ಅದೇ ಮುದುಕಿ. ಅವಳು ಕವಳ ಹಾಕಿ, ಜಗಿದು, ಉಗಿದು, ಇನ್ನೊಂದು ಕವಳ ಹಾಕಿದಳು. ಎರಡನೆಯದನ್ನೂ ಉಗಿದ ಮೇಲೆ ಎದ್ದು ಬಂದು ಕಂಬಳಿಯ ಅಡಿಗೆ ಕೈ ಹಾಕಿ ನೋಡಿದಳು. ಒಣ ಕೈಯಲ್ಲೇ ಮನೆಗೆ ನಡೆದಳು. ಹಿಂದಿನ ವರ್ಷ ಬಿಟ್ಟು ಹೋದ ಮಾವನ ಕಂಬಳಿಯನ್ನು ತಂದು ನನ್ನ ಕೈಗೆ ಕೊಟ್ಟಳು. ಆ ಸಲ ಅಬ್ಬಿಯನ್ನು ನಾನು ಮನಸ್ಸಿಟ್ಟು ನೋಡಿದೆ. ಪಾಚಿ ಎಲ್ಲಿದೆ, ನೀರು ಎಲ್ಲಿ ಸೀಳುತ್ತದೆ, ಮಡುವಿನಲ್ಲಿ ಎಷ್ಟು ಮೀನುಗಳಿವೆ, ಎಲ್ಲವನ್ನೂ ಮನೆಗೆ ಹೋಗಿ ಹೇಳಬೇಕೆಂದು ನೋಡಿದೆ.

ಊರಿಗೆ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಮಾವ ಅಂಗಳದಲ್ಲಿ ಕೂತಿದ್ದರು. ಕಾಲು ತೊಳೆದು ಅವರ ಪಕ್ಕದಲ್ಲಿ ಕೂತು, "ಇಳೀಲಿಲ್ರಿ ಮಾವ," ಎಂದೆ.

ಅವರು, "ಅಕಿ ಏನಂದ್ಳು?" ಎಂದರು.

ನಾನು ಹಳೆಯ ಕಂಬಳಿಯನ್ನು ಅವರ ತೊಡೆಯ ಮೇಲೆ ಇಟ್ಟೆ. ಅಂಚು ಸವರಿದರು, ಮೂಲೆಯ ಗಂಟು ಹುಡುಕಿದರು, ಹೆಗಲ ಮೇಲೆ ಎಳೆದುಕೊಂಡರು.

"ಹಂಗಾರ ಇಳದಿಲ್ಲ," ಎಂದರು.

ಅಬ್ಬಿಯ ಬಗ್ಗೆ ಕೇಳುತ್ತಾರೆಂದು ಕಾದೆ. ಅವರು ಒಳಗೆ ರೊಟ್ಟಿ ಬಡಿಯುತ್ತಿದ್ದ ಮಗಳನ್ನು ಕೂಗಿ, "ಹೊತ್ತು ಮುಣುಗಿತೇನವಾ?" ಎಂದು ಕೇಳಿದರು. ಸೂರ್ಯ ನನ್ನ ಎದುರಿಗೇ ಇಳಿಯುತ್ತಿದ್ದ, ಮತ್ತು ನಾನು ಅವರ ಪಕ್ಕದಲ್ಲೇ ಕೂತಿದ್ದೆ.